ಬೀಜ ಕ್ಯೂಬಾದ್ದು, ಸೊಪ್ಪು ಎಲ್ಲಿಯದು?

ಸಿಗಾರ್ ತಂಬಾಕಿನ ಬೀಜದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಉತ್ತರಗಳಲ್ಲಿ ಮೂರು ಮಾತು ಪದೇ ಪದೇ ಬರುತ್ತವೆ. ಸಿಗಾರಿನ ಹೊರಮೈಗೆ ಸುತ್ತಿದ ಎಲೆ ರ್‍ಯಾಪರ್. ಅದರ ಕೆಳಗೆ ಕಟ್ಟಿ ಹಿಡಿದಿರುವುದು ಬೈಂಡರ್. ಒಳಗಿನ ಹೂರಣ ಫಿಲ್ಲರ್. ಈ ಮೂರೂ ಬೇರೆ ಬೇರೆ ಬೀಜದವು, ಬೇರೆ ಬೇರೆ ದೇಶದವು ಆಗಿರಬಹುದು.

ಪ್ರಶ್ನೆ: ನಿಕರಾಗುವಾದ ಒಂದು ಸಿಗಾರ್ ಪೆಟ್ಟಿಗೆಯ ಮೇಲೆ ‘ಅಪ್ಪಟ ಕ್ಯೂಬಾ ಬೀಜ’ ಎಂದು ಬರೆದಿದೆ. ಅದೇ ದೇಶದ, ಅದೇ ಅಳತೆಯ ಇನ್ನೊಂದು ಪೆಟ್ಟಿಗೆ ಇದಕ್ಕಿಂತ ಅಗ್ಗ, ಅದರ ಮೇಲೆ ಬೀಜದ ಮಾತೇ ಇಲ್ಲ. ಹೆಚ್ಚು ದುಡ್ಡು ಕೊಡುವುದು ಸರಿಯೇ?
– ಓದುಗರು, ಬೆಂಗಳೂರು

ಉತ್ತರ: ಆ ಒಂದು ಸಾಲಿನ ಸಲುವಾಗಿ ಕೊಡಬೇಡಿ. ಅಗ್ಗದ ಪೆಟ್ಟಿಗೆಯಲ್ಲಿರುವುದೂ ಬಹುಮಟ್ಟಿಗೆ ಕ್ಯೂಬಾ ಮೂಲದ ಬೀಜದ್ದೇ ಆಗಿರುವ ಸಾಧ್ಯತೆ ಹೆಚ್ಚು.

1959ರ ಕ್ರಾಂತಿಯ ನಂತರ, 1960ರಲ್ಲಿ ಕ್ಯೂಬಾದ ಸಿಗಾರ್ ಕಾರ್ಖಾನೆಗಳು ಸರಕಾರದ ವಶವಾದವು. 1962ರ ಫೆಬ್ರುವರಿಯಲ್ಲಿ ಅಮೆರಿಕ ವ್ಯಾಪಾರ ನಿರ್ಬಂಧ ಹೇರಿತು. ದೇಶ ಬಿಟ್ಟ ಬೆಳೆಗಾರರು ಮತ್ತು ವ್ಯಾಪಾರಿಗಳ ಜೊತೆ ಬೀಜವೂ ಹೊಂಡುರಾಸ್, ನಿಕರಾಗುವಾ, ಡೊಮಿನಿಕನ್ ಗಣರಾಜ್ಯ, ಎಕ್ವಡಾರ್‌ಗಳಿಗೆ ಹೋಯಿತು. ತಂಬಾಕಿನ ಬೀಜ ಸಾಸಿವೆಗಿಂತ ಎಷ್ಟೋ ಸಣ್ಣದು, ಒಂದು ಗ್ರಾಂ ತೂಗಿದರೆ ಹತ್ತು ಸಾವಿರಕ್ಕೂ ಹೆಚ್ಚು ಬರುತ್ತವೆ. ಹಾಗಾಗಿ ಒಂದು ಸಣ್ಣ ಪೊಟ್ಟಣದಿಂದ ಇಡೀ ಕಣಿವೆಗೆ ಸಸಿ ಎಬ್ಬಿಸಬಹುದು. ಇಂದು ಮಧ್ಯ ಅಮೆರಿಕದ ಸಿಗಾರ್ ಸೊಪ್ಪಿನ ದೊಡ್ಡ ಪಾಲಿಗೆ ಈ ವಂಶದ ಸಂಬಂಧ ಇದೆ. ‘ಕ್ಯೂಬಾ ಬೀಜ’ ಎನ್ನುವುದು ಸುಳ್ಳಲ್ಲ. ಆದರೆ ಅದರಿಂದ ಒಂದು ಪೆಟ್ಟಿಗೆಯನ್ನು ಇನ್ನೊಂದರಿಂದ ಬೇರ್ಪಡಿಸಲು ಬರುವುದಿಲ್ಲ.

ಅಲ್ಲಿಗೆ ನಿಲ್ಲಿಸದೆ, ‘ಯಾವ ಕ್ಯೂಬಾ ಬೀಜ?’ ಎಂದು ಕೇಳಿ. ಹೆಸರಾಂತ ಕೊರೊಹೊ ತಳಿ 1930–40ರ ದಶಕಗಳಲ್ಲಿ ಪಿನಾರ್ ದೆಲ್ ರಿಯೊ ಪ್ರಾಂತ್ಯದ ಸಾನ್ ಲೂಯಿಸ್ ಬಳಿಯ ಎಲ್ ಕೊರೊಹೊ ತೋಟದಲ್ಲಿ ರೂಪುಗೊಂಡಿತು. ರ್‍ಯಾಪರಿಗೆ ಹೇಳಿ ಮಾಡಿಸಿದ ಎಲೆ, ಆದರೆ ನೀಲಿ ಬೂಷ್ಟು ರೋಗ ತಡೆಯುವ ಶಕ್ತಿ ಇಲ್ಲ. 1979–80ರಲ್ಲಿ ಈ ರೋಗ ಕ್ಯೂಬಾದ ಬೆಳೆಯನ್ನು ನೆಲಕಚ್ಚಿಸಿತು. 1990ರ ದಶಕದಲ್ಲಿ ಕ್ಯೂಬಾದವರೇ ಹಳೆಯ ಕೊರೊಹೊ ಕೈಬಿಟ್ಟು ರೋಗ ತಡೆಯುವ ‘ಹಬಾನಾ 2000’ಕ್ಕೆ ಹೋದರು. ಅದರ ಎಲೆ ದಪ್ಪ, ಸರಿಯಾಗಿ ಉರಿಯುವುದಿಲ್ಲ ಎಂಬ ದೂರು ಬಂದ ಮೇಲೆ ‘ಕೊರೊಹೊ 99’, ಮತ್ತು ಕ್ರಿಯೊಯೊ ಎಂಬ ಇನ್ನೊಂದು ಹಳೆಯ ಕ್ಯೂಬಾ ತಳಿಯ ಹೆಸರಿನ ‘ಕ್ರಿಯೊಯೊ 98’ ಬಂದವು. ಅಂದರೆ ಇವತ್ತು ಕ್ಯೂಬಾದಲ್ಲಿ ಬೆಳೆಯುವ ಸೊಪ್ಪೂ ಹಳೆಯ ಹೆಸರಿನ ಹೊಸ ತಳಿಯದ್ದು. ಹೆಸರಿನ ಮುಂದೆ ಸಂಖ್ಯೆ ಇದ್ದರೆ ಅದು ರೋಗ ತಡೆಯಲು ಬೆರಸಿ ಮಾಡಿದ ತಳಿ ಎಂದು ಓದಿಕೊಳ್ಳಿ. ಸಂಖ್ಯೆ ಇಲ್ಲದೆ ಬರೀ ‘ಕೊರೊಹೊ’ ಎಂದಿದ್ದರೆ ಹಳೆಯದೂ ಇರಬಹುದು, ಹೊಸದೂ ಇರಬಹುದು, ಅಂಗಡಿಯವರನ್ನು ಕೇಳಲೇಬೇಕು.

‘ನಿರ್ಬಂಧಕ್ಕೆ ಮುಂಚಿನ ಬೀಜ’ ಎಂಬ ಮಾತಿಗೂ ಇಷ್ಟೇ ಎಚ್ಚರ ಬೇಕು. ತಂಬಾಕಿನ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದ್ದರಿಂದ ತಳಿ ತಕ್ಕಮಟ್ಟಿಗೆ ಶುದ್ಧವಾಗಿ ಉಳಿಯುತ್ತದೆ. ಆದರೂ ಜೇನು ಒಂದಿಷ್ಟು ಪರಾಗ ಬೆರಸುತ್ತದೆ. ಬೀಜಕ್ಕೆ ಬಿಟ್ಟ ಗಿಡದ ಹೂಗೊಂಚಲಿಗೆ ಚೀಲ ಕಟ್ಟದಿದ್ದರೆ ಕೆಲವು ವರ್ಷಗಳಲ್ಲಿ ಕಲಬೆರಕೆ ಕಾಣಿಸುತ್ತದೆ. ಇದಕ್ಕಿಂತ ದೊಡ್ಡದು ಬೆಳೆಗಾರನ ಆಯ್ಕೆ. ಪ್ರತಿ ವರ್ಷ ತನ್ನ ಹೊಲದಲ್ಲಿ ಚೆನ್ನಾಗಿ ಬಂದ ಗಿಡವನ್ನೇ ಬೀಜಕ್ಕೆ ಬಿಡುತ್ತಾ ಹೋದರೆ ಅರವತ್ತು ತಲೆಮಾರಿನ ಹೊತ್ತಿಗೆ ಆ ಬೀಜ ಅದೇ ಹೊಲಕ್ಕೆ ಒಗ್ಗಿಕೊಂಡಿರುತ್ತದೆ. ಅದು ದೋಷವಲ್ಲ, ಒಳ್ಳೆಯ ಬೇಸಾಯ. ಆದರೆ 1962ರ ಬೀಜ ಇನ್ನೂ ಹಾಗೇ ಇದೆ ಎಂದು ಹೇಳಲಾಗದು.

ಬೀಜ ನಿರ್ಧರಿಸುವುದು ಏನನ್ನು? ಎಲೆಯ ಆಕಾರ, ಅಗಲ, ಗಿಡಕ್ಕೆ ಎಷ್ಟು ಎಲೆ, ನರ ತೆಳುವೋ ದಪ್ಪವೋ, ಎಲೆಯ ಮೇಲೆ ಜಿಡ್ಡು ಎಷ್ಟು, ಯಾವ ರೋಗ ತಡೆದೀತು ಎಂಬುದನ್ನು. ರುಚಿಯ ಗೆರೆಯನ್ನೂ ಬೀಜ ಎಳೆಯುತ್ತದೆ, ಆದರೆ ಅದರೊಳಗೆ ಬಣ್ಣ ತುಂಬುವುದು ನೆಲ. ರತ್ನಾಗಿರಿಯ ಆಪೂಸನ್ನು ಧಾರವಾಡದ ತೋಟದಲ್ಲಿ ಕಸಿ ಕಟ್ಟಿದರೆ ಹಣ್ಣು ಆಪೂಸೇ, ಆದರೆ ತಿಂದವರಿಗೆ ಎರಡೂ ಒಂದೇ ಅನ್ನಿಸುವುದಿಲ್ಲವಲ್ಲ, ಹಾಗೆ. ನಿಕರಾಗುವಾದೊಳಗೇ ನೋಡಿ: ಎಸ್ತೆಲಿಯ ಕಪ್ಪು ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆದ ಸೊಪ್ಪು ಖಾರ, ಗಟ್ಟಿ. ಅದೇ ಬೀಜ ಹಲಪಾ ಕಣಿವೆಯ ಕೆಂಪು ಮಣ್ಣಿಗೆ ಬಿದ್ದರೆ ಮೆತ್ತಗೆ, ಸಿಹಿ ಕಡೆಗೆ ವಾಲುತ್ತದೆ.

ಒಂದೇ ಗಿಡದೊಳಗಿನ ಅಂತರ ಇದಕ್ಕಿಂತ ದೊಡ್ಡದು. ಬುಡದ ಎಲೆಗೆ ‘ವೊಲಾದೊ’ ಎನ್ನುತ್ತಾರೆ: ತೆಳು, ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನದು ‘ಸೆಕೊ’, ಪರಿಮಳಕ್ಕೆ. ತುದಿಯದು ‘ಲಿಹೆರೊ’: ಬಿಸಿಲು ಹೆಚ್ಚು ಕುಡಿದ ಎಲೆ, ದಪ್ಪ, ನಿಕೋಟಿನ್ ಜಾಸ್ತಿ, ನಿಧಾನ ಉರಿ. ಹೂ ಬರುವ ಹೊತ್ತಿಗೆ ಕುಡಿ ಚಿವುಟಿದರೆ ತುದಿಯ ಎಲೆಗಳು ಇನ್ನಷ್ಟು ದಪ್ಪವಾಗುತ್ತವೆ. ಅಕ್ಕಪಕ್ಕದ ಹೊಲದ ಕೊರೊಹೊ ಮತ್ತು ಕ್ರಿಯೊಯೊ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಗಿಡದ ವೊಲಾದೊ ಮತ್ತು ಲಿಹೆರೊ ನಡುವಿನ ವ್ಯತ್ಯಾಸ ನಾಲಿಗೆಗೆ ಬೇಗ ಗೊತ್ತಾಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆಮೇಲೆ ಹುದುಗಿಸುವಿಕೆ. ಒಣಗಿದ ಸೊಪ್ಪನ್ನು ಒದ್ದೆ ಮಾಡಿ ದೊಡ್ಡ ರಾಶಿ ಹಾಕುತ್ತಾರೆ. ರಾಶಿಯ ಹೊಟ್ಟೆ 45–50 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಕಿತ್ತು, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಪೇರಿಸುತ್ತಾರೆ. ತಿಂಗಳುಗಟ್ಟಲೆ ನಡೆಯುವ ಈ ಕೆಲಸದಲ್ಲಿ ಸೊಪ್ಪಿನಿಂದ ಅಮೋನಿಯಾ ಬಿಟ್ಟುಹೋಗುತ್ತದೆ. ಅವಸರ ಮಾಡಿದ ಸೊಪ್ಪು ಯಾವ ಉತ್ತಮ ಬೀಜದ್ದಾದರೂ ಮೂಗಿಗೆ ಕಟುವಾಗಿ ಹೊಡೆಯುತ್ತದೆ, ಗಂಟಲು ಕೆರೆಯುತ್ತದೆ.

ಅಂಗಡಿಯಲ್ಲಿ ಕೇಳಬೇಕಾದದ್ದು ಇಷ್ಟು: ಫಿಲ್ಲರ್ ಯಾವ ಕಣಿವೆಯದು, ಅದರಲ್ಲಿ ಲಿಹೆರೊ ಎಷ್ಟು, ಸುತ್ತಿ ಎಷ್ಟು ಕಾಲವಾಯಿತು. ಇವಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ ದುಬಾರಿ ಪೆಟ್ಟಿಗೆಯನ್ನು ಪರಿಗಣಿಸಿ. ‘ಬೀಜ ಕ್ಯೂಬಾದ್ದು ಸಾರ್’ ಎಂಬುದಷ್ಟೇ ಉತ್ತರವಾದರೆ ಅಗ್ಗದ್ದೇ ಸಾಕು.

ಪ್ರಶ್ನೆ: ಇಲ್ಲಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ‘ಎಕ್ವಡಾರ್ ಕನೆಕ್ಟಿಕಟ್’, ‘ಎಕ್ವಡಾರ್ ಹಬಾನೊ’, ‘ಕ್ಯಾಮರೂನ್’, ‘ಕನೆಕ್ಟಿಕಟ್ ಬ್ರಾಡ್‌ಲೀಫ್’ ಎಂದೆಲ್ಲ ರ್‍ಯಾಪರಿನ ಹೆಸರುಗಳಿವೆ. ಯಾವುದು ದೇಶ, ಯಾವುದು ಬೀಜ? ಕನೆಕ್ಟಿಕಟ್ ಅಮೆರಿಕದಲ್ಲಲ್ಲವೇ?
– ಓದುಗರು, ದೋಹಾ

ಉತ್ತರ: ಎರಡು ಹೆಸರಿದ್ದರೆ ಸಾಮಾನ್ಯವಾಗಿ ಮೊದಲನೆಯದು ನೆಲ, ಎರಡನೆಯದು ಬೀಜ. ‘ಎಕ್ವಡಾರ್ ಕನೆಕ್ಟಿಕಟ್’ ಅಂದರೆ ಕನೆಕ್ಟಿಕಟ್ ಶೇಡ್ (ನೆರಳಿನಲ್ಲಿ ಬೆಳೆಯುವ) ಬೀಜವನ್ನು ಎಕ್ವಡಾರ್‌ನಲ್ಲಿ ಬೆಳೆದದ್ದು. ‘ಎಕ್ವಡಾರ್ ಹಬಾನೊ’ ಕ್ಯೂಬಾ ವಂಶದ ಬೀಜ, ನೆಲ ಮತ್ತೆ ಎಕ್ವಡಾರ್. ಒಂದೇ ಹೆಸರಿದ್ದರೆ ಎಚ್ಚರ: ‘ಕ್ಯಾಮರೂನ್’ ನೆಲದ ಹೆಸರು, ಅಲ್ಲಿ ಬೆಳೆಯುವುದು ಸುಮಾತ್ರಾ ಬೀಜ. ‘ಸುಮಾತ್ರಾ’ ಎಂದಷ್ಟೇ ಬರೆದಿದ್ದರೆ ಇಂಡೋನೇಷ್ಯಾದ್ದೇ ಇರಬೇಕೆಂದಿಲ್ಲ, ಎಕ್ವಡಾರ್‌ನಲ್ಲಿ ಬೆಳೆದ ಸುಮಾತ್ರಾ ಬೀಜವೂ ಇರಬಹುದು. ಬ್ರಾಡ್‌ಲೀಫ್ ಬೇರೆಯೇ ತಳಿ: ಅಗಲ, ದಪ್ಪ ಎಲೆ, ತೆರೆದ ಬಿಸಿಲಲ್ಲಿ ಬೆಳೆದು, ಒಂದೊಂದೇ ಎಲೆ ಬಿಡಿಸುವ ಬದಲು ಗಿಡವನ್ನೇ ಕಾಂಡದಿಂದ ಕಡಿದು ತೂಗುಹಾಕುತ್ತಾರೆ.

ಬೀಜದ ಹೆಸರಿಗೆ ನಿಜವಾಗಿ ಬೆಲೆ ಇರುವುದು ಇಲ್ಲಿ, ರ್‍ಯಾಪರಿನಲ್ಲಿ. ಫಿಲ್ಲರಿನಲ್ಲಿ ಮೂರು ನಾಲ್ಕು ಬಗೆಯ ಸೊಪ್ಪು ಬೆರೆತಿರುತ್ತದೆ, ಬೀಜದ ಗುರುತು ಕರಗಿಹೋಗುತ್ತದೆ. ರ್‍ಯಾಪರ್ ಒಂದೇ ಎಲೆ, ತುಟಿಗೆ ತಾಗುವುದೂ ಅದೇ. ಕನೆಕ್ಟಿಕಟ್ ಶೇಡ್ ಎಂದರೆ ತೆಳು, ತಿಳಿ ಕಂದು, ಮೃದು. ಹಬಾನೊ ಎಂದರೆ ಜಿಡ್ಡು, ಮೆಣಸಿನ ಚುರುಕು. ಸುಮಾತ್ರಾ ವಂಶ ಎಂದರೆ ತೆಳುವಾದರೂ ಪರಿಮಳದ್ದು. ಹೀಗೆ ಊಹಿಸಿದರೆ ಹೆಚ್ಚು ಬಾರಿ ತಪ್ಪಾಗದು.

ಅಮೆರಿಕದ ಕನೆಕ್ಟಿಕಟ್ ನದಿ ಕಣಿವೆಯಲ್ಲಿ 1900ರ ಆಸುಪಾಸಿನಿಂದ ಹೊಲದ ಮೇಲೆ ತೆಳುಬಟ್ಟೆಯ ಚಪ್ಪರ ಹಾಕಿ ಶೇಡ್ ಸೊಪ್ಪು ಬೆಳೆಯುತ್ತಾ ಬಂದಿದ್ದಾರೆ. ಬಿಸಿಲು ಸೋಸಿ ಬಿದ್ದರೆ ಎಲೆ ತೆಳುವಾಗಿ ಅಗಲವಾಗುತ್ತದೆ, ನರ ಸಣ್ಣದಾಗುತ್ತದೆ. ಎಕ್ವಡಾರ್‌ನ ತಪ್ಪಲಲ್ಲಿ ಆಂಡೀಸ್ ಬೆಟ್ಟಗಳಿಗೆ ತಾಗಿ ನಿಲ್ಲುವ ಮೋಡವೇ ಚಪ್ಪರ, ಕೂಲಿಯೂ ಕಡಿಮೆ. ಹಾಗಾಗಿ ಇಂದು ಈ ಹೆಸರಿನ ರ್‍ಯಾಪರ್ ಹೆಚ್ಚಾಗಿ ಎಕ್ವಡಾರ್‌ನಿಂದ ಬರುತ್ತದೆ. ಬೀಜ ಒಂದೇ ಆದರೂ ಎಕ್ವಡಾರ್‌ನದು ತುಸು ಜಿಡ್ಡು, ತುಸು ಹೆಚ್ಚು ಸಾರ. ಅಮೆರಿಕದ್ದು ಒಣ, ಹುಲ್ಲಿನ ವಾಸನೆಗೆ ಹತ್ತಿರ. ಬೆಲೆ ಬೇರೆಯಾಗುವುದಕ್ಕೆ ಮುಖ್ಯ ಕಾರಣ ಕೂಲಿ ಮತ್ತು ಬಟ್ಟೆಯ ಖರ್ಚು. ಅದನ್ನು ಗುಣದ ಅಳತೆ ಎಂದುಕೊಳ್ಳಬೇಡಿ.

ಪ್ರಶ್ನೆ: ‘ಮದುರೊ’ ಯಾವ ದೇಶದ ಬೀಜ?
– ಓದುಗರು, ಬೆಳಗಾವಿ

ಉತ್ತರ: ಯಾವ ದೇಶದ್ದೂ ಅಲ್ಲ, ಬೀಜವೇ ಅಲ್ಲ. ಹೆಚ್ಚು ಕಾಲ, ಹೆಚ್ಚು ಶಾಖದಲ್ಲಿ ಹುದುಗಿಸಿ ಗಾಢ ಕಂದು ಬಣ್ಣಕ್ಕೆ ತಂದ ಎಲೆಗೆ ಆ ಹೆಸರು. ತೆಳು ಎಲೆ ಆ ಶಾಖ ತಾಳದೆ ಹರಿಯುತ್ತದೆ. ಆದ್ದರಿಂದ ಬ್ರಾಡ್‌ಲೀಫ್, ಮೆಕ್ಸಿಕೊದ ಸಾನ್ ಆಂದ್ರೆಸ್, ಬ್ರೆಜಿಲ್‌ನ ಮಾತಾ ಫೀನಾದಂಥ ದಪ್ಪ ಎಲೆಗಳನ್ನೇ ಬಳಸುತ್ತಾರೆ. ಬಣ್ಣ ಕಪ್ಪಾದಷ್ಟೂ ನಿಕೋಟಿನ್ ಹೆಚ್ಚು ಎಂಬ ನಂಬಿಕೆ ತಪ್ಪು.

ಪ್ರಶ್ನೆ: ನಾವು ಬಹಳ ವರ್ಷದಿಂದ ವರ್ಜಿನಿಯಾ ಹೊಗೆಸೊಪ್ಪು ಬೆಳೆಯುವವರು. ವಿದೇಶದಲ್ಲಿರುವ ನಂಟರೊಬ್ಬರು ಕ್ಯೂಬಾ ಬೀಜ ತಂದುಕೊಡುತ್ತೇನೆ ಅನ್ನುತ್ತಿದ್ದಾರೆ. ಅರ್ಧ ಎಕರೆಗೆ ಹಾಕಿದರೆ ಸಿಗಾರ್ ಸೊಪ್ಪು ಆಗುತ್ತದೆಯೇ?
– ರೈತರು, ಹುಣಸೂರು

ಉತ್ತರ: ಮೊದಲು ನಂಟರಿಗೆ ಬೇಡ ಎಂದು ಹೇಳಿ. ಬಿತ್ತನೆ ಬೀಜ ಹೊರದೇಶದಿಂದ ಬರಬೇಕಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಜೇಬಿನಲ್ಲಿ ತಂದರೆ ಕಾನೂನು ಮುರಿದಂತೆ. ಕಾನೂನಿಗಿಂತ ಮಿಗಿಲಾದ ಕಾರಣವೂ ಇದೆ: ಬೀಜದ ಜೊತೆ ರೋಗ ಬರುತ್ತದೆ, ಕಳೆಬೀಜವೂ ಬರಬಹುದು. ಬೇರಿಗೆ ಅಂಟಿ ಸಾರ ಹೀರುವ ಒರೊಬಾಂಕಿ ಕಳೆಯ ಬೀಜ ತಂಬಾಕಿನ ಬೀಜಕ್ಕಿಂತಲೂ ಸಣ್ಣದು, ಕಣ್ಣಿಗೆ ಧೂಳಿನಂತೆ ಕಾಣುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯದೆ ಇರುತ್ತದೆ. ನಿಮ್ಮ ಅರ್ಧ ಎಕರೆಯ ಪ್ರಯೋಗಕ್ಕೆ ಸುತ್ತಲ ಹೊಲದವರು ಬೆಲೆ ತೆರಬೇಕಾದೀತು.

ಇನ್ನು ನಿಮ್ಮ ಪ್ರಶ್ನೆಗೆ. ನಕ್ಷೆ ನೋಡಿದರೆ ಆಸೆ ಹುಟ್ಟುವುದು ಸಹಜ. ನಿಕರಾಗುವಾದ ಎಸ್ತೆಲಿ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಹುಣಸೂರು 12 ಡಿಗ್ರಿ ದಾಟಿದೆ. ಸಮುದ್ರಮಟ್ಟದಿಂದ ಎರಡೂ 800 ಮೀಟರಿನ ಆಸುಪಾಸು. ಆದರೆ ಉಳಿದದ್ದು ಹೊಂದುವುದಿಲ್ಲ.

ಒಂದು, ಹಂಗಾಮು. ನೀವು ಮೇ–ಜೂನ್‌ನಲ್ಲಿ ನಾಟಿ ಮಾಡಿ ಮಳೆಯಲ್ಲಿ ಬೆಳೆಯುತ್ತೀರಿ. ಕ್ಯೂಬಾದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಾಟಿ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಪೂರ್ತಿ ಒಣ ಹವೆ, ನೀರು ಕಾಲುವೆ ಅಥವಾ ಪಂಪಿನಿಂದ. ರ್‍ಯಾಪರ್ ಎಲೆಗೆ ಒಂದು ತೂತು, ಒಂದು ಕಲೆ ಬಿದ್ದರೂ ಅದು ಫಿಲ್ಲರ್ ದರ್ಜೆಗೆ ಇಳಿಯುತ್ತದೆ. ಜೋರು ಮಳೆ ಎಲೆಯ ಜಿಡ್ಡನ್ನೂ ತೊಳೆಯುತ್ತದೆ.

ಎರಡು, ಮಣ್ಣು ಮತ್ತು ನೀರು. ಎಲೆಯಲ್ಲಿ ಕ್ಲೋರೈಡ್ ಹೆಚ್ಚಾದರೆ ಉರಿ ಹಿಡಿಯುವುದಿಲ್ಲ, ಸಿಗಾರ್ ಮತ್ತೆ ಮತ್ತೆ ಆರುತ್ತದೆ. ಪೊಟ್ಯಾಶ್ ಇದಕ್ಕೆ ಪ್ರತಿಯಾಗಿ ಉರಿಯನ್ನು ಕಾಯುತ್ತದೆ. ಕ್ಲೋರೈಡ್ ಇರುವ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಗೊಬ್ಬರ ಹಾಕಬಾರದು, ಸಲ್ಫೇಟ್ ಆಫ್ ಪೊಟ್ಯಾಶೇ ಆಗಬೇಕು ಎಂಬುದು ವರ್ಜಿನಿಯಾ ಬೆಳೆಯುವ ನಿಮಗೆ ಗೊತ್ತಿರುವ ವಿಷಯವೇ. ಬೋರ್‌ವೆಲ್ ನೀರಿನಲ್ಲಿ ಉಪ್ಪಿದ್ದರೆ ಸಿಗಾರ್ ಸೊಪ್ಪಿಗೆ ಅದು ಕೈಬಿಡಬೇಕಾದ ನೀರು.

ಮೂರು, ಎಲ್ಲಕ್ಕಿಂತ ದೊಡ್ಡದು, ಸೊಪ್ಪು ಬೇಯಿಸುವ ನಿಮ್ಮ ಬ್ಯಾರನ್ ಮನೆ. ವರ್ಜಿನಿಯಾ ಸೊಪ್ಪನ್ನು ನೀವು 5ರಿಂದ 7 ದಿನದಲ್ಲಿ 35 ಡಿಗ್ರಿಯಿಂದ ಶುರುಮಾಡಿ 70 ಡಿಗ್ರಿಯವರೆಗೆ ಬೇಯಿಸುತ್ತೀರಿ. ಹಳದಿ ಬಂದ ಕೂಡಲೆ ಶಾಖ ಏರಿಸುವುದರಿಂದ ಎಲೆಯ ಕಿಣ್ವಗಳು ಸತ್ತು, ಶೇ 10ರಿಂದ 20ರಷ್ಟು ಸಕ್ಕರೆ ಹಾಗೇ ಉಳಿಯುತ್ತದೆ. ಸಿಗಾರ್ ಸೊಪ್ಪಿಗೆ ಇದು ತದ್ವಿರುದ್ಧ. ಬೆಂಕಿ ಇಲ್ಲದ, ಗಾಳಿ ಆಡುವ ಎತ್ತರದ ಮನೆಯಲ್ಲಿ 45ರಿಂದ 60 ದಿನ ತೂಗಬೇಕು. ಎಲೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ತಾನೇ ತಿರುಗುವಷ್ಟು ಹೊತ್ತು ಜೀವಂತವಾಗಿರಬೇಕು, ಸಕ್ಕರೆ ಪೂರ್ತಿ ತೀರಬೇಕು. ಹವೆ ಒಣಗಿದರೆ ಎಲೆ ಹಸಿರಾಗಿಯೇ ಗರಿಗರಿಯಾಗುತ್ತದೆ, ಆ ಹಸಿರು ಮತ್ತೆ ಹೋಗುವುದಿಲ್ಲ. ತೇವ ಹೆಚ್ಚಾಗಿ ಗಾಳಿ ನಿಂತರೆ ನಡುನರದಿಂದ ಕೊಳೆ ಶುರುವಾಗುತ್ತದೆ. ಕ್ಯೂಬಾ ಬೀಜದ ಎಲೆಯನ್ನೇ ಬ್ಯಾರನ್ನಿನಲ್ಲಿ ಬೇಯಿಸಿದರೆ ಸಿಗುವುದು ಹಳದಿ ಎಲೆ, ಸಿಗಾರ್ ಸೊಪ್ಪಲ್ಲ.

ಇದಾದ ಮೇಲೆ ಹುದುಗಿಸುವ ರಾಶಿ. ಸೊಪ್ಪು ತಾನೇ ಬಿಸಿಯಾಗಬೇಕಾದರೆ ಒಂದೇ ದರ್ಜೆಯದು ನೂರಾರು ಕಿಲೊ ಒಟ್ಟಿಗೆ ಬೇಕು. ಅರ್ಧ ಎಕರೆಯ ಬೆಳೆಯನ್ನು ಬುಡ, ನಡು, ತುದಿ ಎಂದು ವಿಂಗಡಿಸಿದರೆ ಯಾವ ರಾಶಿಗೂ ಅಷ್ಟು ತೂಕ ಬರುವುದಿಲ್ಲ. ಸಣ್ಣ ರಾಶಿ ಬಿಸಿಯಾಗದೆ ಬೂಷ್ಟು ಹಿಡಿಯುತ್ತದೆ. ಮಾರಾಟವೂ ಕಷ್ಟ: ತಂಬಾಕು ಮಂಡಳಿಯ ಹರಾಜು ಕಟ್ಟೆ ಇರುವುದು ವರ್ಜಿನಿಯಾಕ್ಕೆ.

ನಮ್ಮ ದೇಶದಲ್ಲಿ ಸಿಗಾರ್, ಚುಟ್ಟದ ಸೊಪ್ಪು ಬೆಳೆಯುವುದೇ ಇಲ್ಲವೆಂದಲ್ಲ. ತಮಿಳುನಾಡಿನ ದಿಂಡಿಗಲ್ ಕಡೆ ಚುಟ್ಟದ ಸೊಪ್ಪು, ಗೋದಾವರಿ ನಡುಗಡ್ಡೆಗಳಲ್ಲಿ ಲಂಕಾ ಸೊಪ್ಪು ಹಳೆಯ ಬೆಳೆಗಳು. ದಿಂಡಿಗಲ್ ಬಳಿಯ ವೇಡಸಂದೂರಿನಲ್ಲೂ ಪಶ್ಚಿಮ ಬಂಗಾಳದ ದಿನ್‌ಹಾಟಾದಲ್ಲೂ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆಯ ಕೇಂದ್ರಗಳು ಈ ಬಗೆಯ ಸೊಪ್ಪಿನ ಮೇಲೆ ಕೆಲಸ ಮಾಡಿವೆ. ಆಸಕ್ತಿ ಗಟ್ಟಿಯಾಗಿದ್ದರೆ ಹುಣಸೂರಿನಲ್ಲೇ ಇರುವ ಅದೇ ಸಂಸ್ಥೆಯ (ಈಗ ಅದರ ಹೆಸರು ಬದಲಾಗಿದೆ) ಕೇಂದ್ರದಲ್ಲಿ ವಿಚಾರಿಸಿ. ಬೀಜ ಬೇಕಾದರೂ ಆ ದಾರಿಯಿಂದಲೇ ಬರಲಿ.

ಪ್ರಶ್ನೆ: ಹಳೆಯ ಶುದ್ಧ ಬೀಜದ ಸಿಗಾರ್ ಸಿಗರೇಟಿಗಿಂತ ಕಡಿಮೆ ಹಾನಿ ಎನ್ನುತ್ತಾರೆ. ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. ಯಾವ ಬೀಜವೂ ಹೊಗೆಯ ವಿಷ ತೆಗೆಯುವುದಿಲ್ಲ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಸಿಗರೇಟಿನ ಹೊಗೆ ಆಮ್ಲೀಯ, ಅದರ ನಿಕೋಟಿನ್ ಹೆಚ್ಚಾಗಿ ಶ್ವಾಸಕೋಶದಲ್ಲಿ ಇಳಿಯುತ್ತದೆ. ಹುದುಗಿಸಿದ ಸಿಗಾರ್ ಸೊಪ್ಪಿನ ಹೊಗೆ ಕ್ಷಾರೀಯ, ಎದೆಗೆ ಎಳೆಯದಿದ್ದರೂ ಬಾಯಿಯ ಒಳಚರ್ಮದಿಂದಲೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರೂ ಕಾರಣ. ಸೇದದವರು ಶುರುಮಾಡಬಾರದು, ಸೇದುವವರು ಬಿಡುವುದೇ ಒಳ್ಳೆಯದು. ಕರ್ನಾಟಕದಲ್ಲಿ ತಿದ್ದುಪಡಿ ಕಾಯ್ದೆಯ ನಂತರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತೆಯೂ ಇಲ್ಲ.

ಪ್ರಶ್ನೆ: ಬೀಜದ ವ್ಯತ್ಯಾಸ ನನ್ನ ನಾಲಿಗೆಗೆ ತಿಳಿಯುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ? ನಮ್ಮ ಊರಿನ ಮಳೆಗಾಲದಲ್ಲಿ ಸಿಗಾರ್ ಇಡುವುದೇ ಕಷ್ಟ.
– ಓದುಗರು, ಮಂಗಳೂರು

ಉತ್ತರ: ಇಡುವ ಬಗೆಯನ್ನು ಮೊದಲು ಸರಿಮಾಡಿ, ಇಲ್ಲವಾದರೆ ಪರೀಕ್ಷೆಗೆ ಅರ್ಥವಿಲ್ಲ. ಕರಾವಳಿಯ ಮಳೆಗಾಲದಲ್ಲಿ ಸಿಗಾರ್ ಇಡುವ ಮರದ ಪೆಟ್ಟಿಗೆಗೆ ನೀರು ಹಾಕುವ ಅಗತ್ಯವೇ ಇಲ್ಲ. ತೇವ ಹೊರಗಿನಿಂದ ನುಗ್ಗುತ್ತದೆ. ರಬ್ಬರ್ ಅಂಚಿನ, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ ತೆಗೆದುಕೊಂಡು ಶೇ 65 ತೇವಾಂಶದ ಎರಡು-ಬದಿ ಪೊಟ್ಟಣ ಇಡಿ: ತೇವ ಹೆಚ್ಚಾದರೆ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ತೇವಮಾಪಕವನ್ನು ನಂಬುವ ಮೊದಲು ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಷ್ಟು, ಬರೀ ಒದ್ದೆಯಾಗುವಷ್ಟು ನೀರು ಚಿಮುಕಿಸಿ, ಮಾಪಕದ ಜೊತೆ ಡಬ್ಬದಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. ಎಷ್ಟು ಹೆಚ್ಚು ಕಡಿಮೆ ತೋರುತ್ತದೋ ಅಷ್ಟನ್ನು ಮುಂದೆ ಕಳೆದು ಅಥವಾ ಕೂಡಿಸಿ ಓದಿ.

ಬಿಸಿ ಹವೆಯಲ್ಲಿ ತಂಬಾಕು ದುಂಬಿಯ ಮೊಟ್ಟೆ ಒಡೆದು, ರ್‍ಯಾಪರಿನಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಾಣುತ್ತವೆ. ಹೊಸದಾಗಿ ತಂದ ಸಿಗಾರನ್ನು ಮುಚ್ಚಿದ ಚೀಲದಲ್ಲಿ ಒಂದು ದಿನ ಫ್ರಿಜ್‌ನಲ್ಲಿ, ಮೂರು ದಿನ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ, ಮತ್ತೆ ಒಂದು ದಿನ ಫ್ರಿಜ್‌ನಲ್ಲಿಟ್ಟು ಆಮೇಲೆ ಹೊರಗೆ ತೆಗೆಯಿರಿ. ನೇರ ಫ್ರೀಜರಿಗೆ ಹಾಕಿ ನೇರ ಹೊರಗೆ ತೆಗೆದರೆ ರ್‍ಯಾಪರ್ ಸೀಳುತ್ತದೆ.

ಪರೀಕ್ಷೆಗೆ ಸಪೂರ ಸಿಗಾರ್ ಆರಿಸಿ. ಸಿಗಾರಿನ ದಪ್ಪವನ್ನು ಅಂಗುಲದ 64ನೇ ಭಾಗದಲ್ಲಿ ಎಣಿಸುತ್ತಾರೆ. 50 ಎಂದರೆ ಸುಮಾರು 20 ಮಿಲಿಮೀಟರ್, 38 ಎಂದರೆ ಸುಮಾರು 15. ಸಪೂರದ್ದರಲ್ಲಿ ಫಿಲ್ಲರಿಗೆ ಹೋಲಿಸಿದರೆ ರ್‍ಯಾಪರಿನ ಪಾಲು ಹೆಚ್ಚು, ಬೀಜದ ಗುರುತೂ ಅಷ್ಟೇ ಸ್ಪಷ್ಟ. ಒಂದೇ ಕಾರ್ಖಾನೆಯ, ಒಂದೇ ಅಳತೆಯ, ಒಂದೇ ಫಿಲ್ಲರಿನ, ರ್‍ಯಾಪರ್ ಮಾತ್ರ ಬೇರೆಯಿರುವ ಜೋಡಿ ಬೇಕು. ಹೆಸರು ಒಂದೇ ಎಂದು ಫಿಲ್ಲರೂ ಒಂದೇ ಎಂದುಕೊಳ್ಳಬೇಡಿ. ರ್‍ಯಾಪರ್ ಬದಲಾದಾಗ ಹಲವರು ಫಿಲ್ಲರನ್ನೂ ಬದಲಿಸುತ್ತಾರೆ, ಕೇಳಿ ಖಚಿತಪಡಿಸಿಕೊಳ್ಳಿ. ಒಂದೊಂದೂ ಎರಡೆರಡು ತಂದು ಎರಡು ಮೂರು ವಾರ ಡಬ್ಬದಲ್ಲಿಡಿ. ಕಾಗದದ ಪಟ್ಟಿ ತೆಗೆದು ಗುರುತು ಹಾಕುವ ಕೆಲಸ ಬೇರೆಯವರು ಮಾಡಲಿ. ಬಣ್ಣ ಕಂಡರೆ ಮನಸ್ಸು ಮೊದಲೇ ತೀರ್ಮಾನಿಸುತ್ತದೆ, ಮಬ್ಬು ಬೆಳಕಿನಲ್ಲಿ ಕೂತರೆ ಒಳ್ಳೆಯದು. ದಿನಕ್ಕೊಂದೇ, ಒಂದೇ ಹೊತ್ತಿಗೆ, ಕಾಫಿ ಕುಡಿಯದೆ.

ಹೊತ್ತಿಸುವ ಮುನ್ನ ಬಾಯಿಗಿಟ್ಟು ಬರೀ ಗಾಳಿ ಎಳೆದು ರುಚಿ ಬರೆದುಕೊಳ್ಳಿ. ರ್‍ಯಾಪರಿನ ಬೀಜ ಹೆಚ್ಚು ನಿಚ್ಚಳವಾಗಿ ಮಾತಾಡುವುದು ಇಲ್ಲಿ ಮತ್ತು ಮೊದಲ ಎರಡು ಸೆಂಟಿಮೀಟರಿನಲ್ಲಿ. ಅರ್ಧ ದಾಟಿದ ಮೇಲೆ ಫಿಲ್ಲರಿನ ಲಿಹೆರೊ ಎಲ್ಲವನ್ನೂ ಮುಚ್ಚುತ್ತದೆ, ಹೋಲಿಕೆ ಅಲ್ಲಿಗೆ ನಿಲ್ಲಿಸಿ. ಹೊಗೆ ಎದೆಗೆ ಎಳೆಯಬೇಡಿ. ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಎಳೆದರೆ ಕೆಂಡ ಅತಿಯಾಗಿ ಕಾಯುತ್ತದೆ, ಆಗ ಕನೆಕ್ಟಿಕಟ್ಟೂ ಕೊರೊಹೊವೂ ಒಂದೇ ಕಹಿ.